ಮಳೆ ಬಂದ ವರ್ಷವೇ ಬರದ ಕೆಲಸ: ಗ್ರಾಮ ಪಂಚಾಯಿತಿ ಹವಾಮಾನ ಬದಲಾವಣೆಗೆ ಸಜ್ಜಾಗುವುದು ಹೇಗೆ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಊರು, ಹಟ್ಟಿ ಎಲ್ಲ ಸೇರಿ ಎಂಟು ಜನವಸತಿಗಳಿವೆ. ಜನಸಂಖ್ಯೆ ಸುಮಾರು ಆರು ಸಾವಿರ, ವಿಸ್ತೀರ್ಣ ಸುಮಾರು ನಾಲ್ಕು ಸಾವಿರ ಹೆಕ್ಟೇರ್, ಕೆರೆಗಳು ಮೂರು. 2022ರಲ್ಲಿ ಕೆರೆ ಕೋಡಿ ಬಿದ್ದಾಗ ಒಂದು ಕೆರೆಯ ಏರಿ ಸೋರಿ, ರಾತ್ರಿಯಿಡೀ ಮರಳಿನ ಚೀಲ ಹಾಕಿದೆವು. ಮರುವರ್ಷ ಅದೇ ಊರಿನಲ್ಲಿ ಟ್ಯಾಂಕರ್ ನೀರಿಗೆ ಕೊಡ ಹಿಡಿದು ನಿಂತೆವು. ಹವಾಮಾನ ಬದಲಾವಣೆಗೆ ಪಂಚಾಯಿತಿಗಳು ಸಜ್ಜಾಗಬೇಕು ಎಂದು ತರಬೇತಿಯಲ್ಲಿ ಹೇಳಿದರು, ಹೇಗೆಂದು ಹೇಳಲಿಲ್ಲ. ಇದು ದೊಡ್ಡ ಸರ್ಕಾರಗಳ ವಿಷಯ, ನಮಗೆ ಅಧಿಕಾರವೂ ಇಲ್ಲ ದುಡ್ಡೂ ಇಲ್ಲ ಎಂದು ನಮ್ಮಲ್ಲಿ ಹಲವರ ಮಾತು. ಇದು ನಿಜವೇ? ಎಲ್ಲಿಂದ ಆರಂಭಿಸಬೇಕು? ಗೋಮಾಳದಲ್ಲಿ ಸಸಿ ನೆಡುವ ಪ್ರಸ್ತಾವವೊಂದು ಬಂದಿದೆ; ಅದು ಸಾಕೇ?

ಉತ್ತರ: ತಾವು ಹೇಳಿರುವ ಎರಡು ವರ್ಷಗಳಿಂದಲೇ ಆರಂಭಿಸುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿತ್ತು. ಅದಕ್ಕೆ ಹಿಂದೆ ಅದು ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ ಕಳೆದಿದ್ದವು. ಮಾರಿಕಣಿವೆಗೆ ಬಾಗಿನ ಅರ್ಪಿಸಲು ಹೋದ ಜನ ಊರಿಗೆ ಮರಳಿ ಒಂದು ವರ್ಷ ತುಂಬುವಷ್ಟರಲ್ಲಿ 2023ರ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಒಂದು ವರ್ಷದ ಮಳೆಯನ್ನೋ ಒಂದು ವರ್ಷದ ಬರವನ್ನೋ ಹವಾಮಾನ ಬದಲಾವಣೆಯ ತಲೆಗೇ ಕಟ್ಟಿಬಿಡುವುದು ಸರಿಯಲ್ಲ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಚಿತ್ರದುರ್ಗಕ್ಕೆ ಬರ ಹೊಸದಲ್ಲ, ನಮ್ಮ ಹಿರಿಯರು ಅದರೊಂದಿಗೇ ಬಾಳಿದವರು. ಆದರೆ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಭೌತವಿಜ್ಞಾನದ ನಿಯಮ. ಭೂಮಿಯ ಸರಾಸರಿ ಉಷ್ಣಾಂಶ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ ಈಗಾಗಲೇ ಒಂದು ಡಿಗ್ರಿಗಿಂತ ಹೆಚ್ಚು ಏರಿದೆ. ಹೀಗಾಗಿ ಸುರಿದಾಗ ಬಿರುಸಾಗಿ ಸುರಿಯುವುದು, ಬಿಡುವು ಕೊಟ್ಟಾಗ ಮಣ್ಣಿನ ಹಸಿ ಬೇಗ ಆರಿಹೋಗುವುದು, ಈ ಎರಡೂ ಒಂದೇ ಕಾರಣದ ಎರಡು ಮುಖಗಳು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳ ಹೆಸರು ಹಿಡಿದು ಬಿತ್ತನೆಯ ದಿನ ಗೊತ್ತುಮಾಡುತ್ತಿದ್ದ ರೈತ ಇಂದು ಆ ಹೆಸರುಗಳನ್ನು ನಂಬಲಾಗುತ್ತಿಲ್ಲ ಎಂದರೆ, ಅದನ್ನು ನಾವು ಗಂಭೀರವಾಗಿ ಕೇಳಿಸಿಕೊಳ್ಳಬೇಕು.

ಹಾಗಾದರೆ ತಮ್ಮ ಪಂಚಾಯಿತಿ ಯಾವುದಕ್ಕೆ ಸಜ್ಜಾಗಬೇಕು? ಬರಕ್ಕೆ ಮಾತ್ರವೂ ಅಲ್ಲ, ನೆರೆಗೆ ಮಾತ್ರವೂ ಅಲ್ಲ; ಒಂದರ ಬೆನ್ನಿಗೇ ಇನ್ನೊಂದು ಬರುವುದಕ್ಕೆ. ಇದರಿಂದ ಹುಟ್ಟುವ ಒಂದೇ ಒಂದು ಸೂತ್ರವನ್ನು ಈ ಉತ್ತರದುದ್ದಕ್ಕೂ ಹಿಡಿದುಕೊಂಡು ಹೋಗುತ್ತೇನೆ: ಬರಕ್ಕೆ ಮಾಡಬೇಕಾದ ಕೆಲಸಗಳನ್ನು ಮಳೆ ಚೆನ್ನಾಗಿ ಬಂದ ವರ್ಷವೇ ಮಾಡಬೇಕು, ನೆರೆಗೆ ಮಾಡಬೇಕಾದ ಕೆಲಸಗಳನ್ನು ಕೆರೆ ಒಣಗಿರುವಾಗಲೇ ಮಾಡಬೇಕು. ನಮ್ಮ ಆಡಳಿತದ ಅಭ್ಯಾಸ ಇದಕ್ಕೆ ತದ್ವಿರುದ್ಧ. ಏಪ್ರಿಲ್‌ನಲ್ಲಿ ಕೊಳವೆಬಾವಿ ಬತ್ತಿದ ಮೇಲೆ ಟ್ಯಾಂಕರ್‌ಗೆ ಟೆಂಡರ್ ಕರೆಯುತ್ತೇವೆ, ಏರಿ ಸೋರಿದ ರಾತ್ರಿ ಮರಳಿನ ಚೀಲ ಹುಡುಕುತ್ತೇವೆ.

ಅಧಿಕಾರವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1992ರ 73ನೇ ಸಂವಿಧಾನ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳಿವೆ. ಕೃಷಿ, ಮಣ್ಣಿನ ಸಂರಕ್ಷಣೆ, ಸಣ್ಣ ನೀರಾವರಿ ಮತ್ತು ಜಲಾನಯನ, ಪಶುಸಂಗೋಪನೆ, ಸಾಮಾಜಿಕ ಅರಣ್ಯ, ಕುಡಿಯುವ ನೀರು, ಸೌದೆ ಮತ್ತು ಮೇವು ಎಲ್ಲವೂ ಅದರಲ್ಲಿವೆ. ಹವಾಮಾನ ಬದಲಾವಣೆ ಹಳ್ಳಿಗೆ ತಟ್ಟುವುದು ಈ ವಿಷಯಗಳ ಮೂಲಕವೇ ಅಲ್ಲದೆ ಬೇರೆ ದಾರಿಯಿಂದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯೂ ಸ್ಥಳೀಯ ಸಂಸ್ಥೆಗಳಿಗೆ ಸಿಬ್ಬಂದಿಯ ತರಬೇತಿಯಿಂದ ಹಿಡಿದು ಪರಿಹಾರ ಕಾರ್ಯದವರೆಗೆ ನಿರ್ದಿಷ್ಟ ಕರ್ತವ್ಯಗಳನ್ನು ಹೊರಿಸಿದೆ. ಇಂಗಾಲದ ಹೊಗೆಯನ್ನು ಕಡಿಮೆ ಮಾಡುವುದು ದೊಡ್ಡ ಸರ್ಕಾರಗಳ, ದೊಡ್ಡ ಉದ್ಯಮಗಳ ಹೊಣೆ ಎಂಬುದು ನಿಜ; ಬಂದ ಪೆಟ್ಟನ್ನು ತಡೆದುಕೊಳ್ಳುವಂತೆ ಊರನ್ನು ಕಟ್ಟುವ ಕೆಲಸ ಮಾತ್ರ ಊರಿನಲ್ಲಿ ಕುಳಿತವರಿಂದಲೇ ಆಗಬೇಕು. ದುಡ್ಡಿನ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲ ಕೆಲಸ ನೀರಿನ ಲೆಕ್ಕ. ಪಂಚಾಯಿತಿ ಪ್ರತಿವರ್ಷ ಹಣದ ಆಯವ್ಯಯ ಮಂಡಿಸುತ್ತದೆ. ಹಾಗೆಯೇ ನೀರಿನ ಆಯವ್ಯಯವನ್ನೂ ಮಂಡಿಸಬೇಕು. ಅಂತರ್ಜಲ ನಿರ್ವಹಣೆಯ ಅಟಲ್ ಭೂಜಲ ಯೋಜನೆ ಜಾರಿಯಲ್ಲಿದ್ದ ಪಂಚಾಯಿತಿಗಳಲ್ಲಿ ಇದನ್ನು ಮಾಡಿದ್ದಾರೆ, ಆದರೆ ಅದಕ್ಕೆ ಯಾವ ಯೋಜನೆಯೂ ಬೇಕಿಲ್ಲ, ಕಾಗದ ಪೆನ್ಸಿಲ್ ಸಾಕು. ತಮ್ಮ ಅಂಕಿಗಳನ್ನೇ ಇಟ್ಟುಕೊಂಡು ಸ್ಥೂಲವಾಗಿ ಮಾಡಿ ತೋರಿಸುತ್ತೇನೆ. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದು ಹಿಡಿದರೆ, ನಾಲ್ಕು ಸಾವಿರ ಹೆಕ್ಟೇರಿನ ಮೇಲೆ 2,000 ಕೋಟಿ ಲೀಟರ್ ಬೀಳುತ್ತದೆ. ಇಷ್ಟೊಂದು ನೀರು ಬಂದೂ ಟ್ಯಾಂಕರ್ ಏಕೆ ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ. ಇದರಲ್ಲಿ ಬಹುಪಾಲು ಮಣ್ಣು ಕುಡಿದು, ಬೆಳೆ ಮತ್ತು ಹುಲ್ಲಿನ ಮೂಲಕ ಆವಿಯಾಗುತ್ತದೆ, ಸ್ವಲ್ಪ ಹಳ್ಳದಲ್ಲಿ ಹರಿದುಹೋಗುತ್ತದೆ. ನಮ್ಮದು ಗಟ್ಟಿ ಬಂಡೆಯ ನೆಲ. ಇಲ್ಲಿ ಮಳೆಯ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಅಂತರ್ಜಲಕ್ಕೆ ಇಳಿಯುತ್ತದೆ ಎಂದು ನಂಬಿ ಯೋಜನೆ ಮಾಡುವುದು ಅಪಾಯ. ಅಂದರೆ ಕೊಳವೆಬಾವಿಗಳ ಲೆಕ್ಕಕ್ಕೆ ಸಿಗುವುದು ಒಳ್ಳೆಯ ವರ್ಷದಲ್ಲಿ ಹೆಚ್ಚೆಂದರೆ 200 ಕೋಟಿ ಲೀಟರ್.

ಈಗ ಖರ್ಚಿನ ಬದಿ. ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಆರು ಸಾವಿರ ಜನಕ್ಕೆ ವರ್ಷಕ್ಕೆ ಅದು ಸುಮಾರು 12 ಕೋಟಿ ಲೀಟರ್. ಅಡಿಕೆಯನ್ನು ತೆಗೆದುಕೊಳ್ಳಿ, ಹೊಳಲ್ಕೆರೆ, ಹೊಸದುರ್ಗದ ಕಡೆ ಬೇರೂರಿದ ಆ ಬೆಳೆ ಈಗ ಬಯಲುಸೀಮೆಯ ಒಳಕ್ಕೂ ಬರುತ್ತಿದೆ. ಎಕರೆಗೆ 540 ಗಿಡ, ಹನಿ ನೀರಾವರಿಯಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್, ಮಳೆಯಿಲ್ಲದ 180 ದಿನ ಎಂದು ಮಿತವಾಗಿಯೇ ಹಿಡಿದರೂ ಎಕರೆಗೆ 19 ಲಕ್ಷ ಲೀಟರ್ ದಾಟುತ್ತದೆ. ಭಾಗಿಸಿ ನೋಡಿ: ತಮ್ಮ ಆರು ಸಾವಿರ ಜನರ ಇಡೀ ವರ್ಷದ ಮನೆಬಳಕೆಯ ನೀರು, 62 ಎಕರೆ ಅಡಿಕೆ ತೋಟದ ಆರು ತಿಂಗಳ ನೀರಿಗೆ ಸಮ. ಒಳ್ಳೆಯ ವರ್ಷದ ಅಂತರ್ಜಲವೆಲ್ಲವೂ ಸಾವಿರ ಎಕರೆ ತೋಟಕ್ಕೆ ಮುಗಿದುಹೋಗುತ್ತದೆ, ಆಗ ಕುಡಿಯಲೂ ಒಂದು ಕೊಡ ಉಳಿಯುವುದಿಲ್ಲ.

ಅಡಿಕೆ ಬೆಳೆದವರನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಶೇಂಗಾಕ್ಕೆ ಬೆಲೆಯಿಲ್ಲದೆ, ಈರುಳ್ಳಿ ಕೊಳೆತು, ಸಾಲ ತೀರದೆ ಆ ದಾರಿ ಹಿಡಿದ ಕುಟುಂಬಗಳನ್ನು ನಾನು ಹತ್ತಿರದಿಂದ ಬಲ್ಲೆ. ಆದರೆ ಈ ಲೆಕ್ಕ ಗೋಡೆಯ ಮೇಲೆ ಬರೆದು ಎಲ್ಲರ ಕಣ್ಣಿಗೆ ಬೀಳುವವರೆಗೆ, ಕುಡಿಯುವ ನೀರಿನ ಕೊರತೆಗೆ ಪರಿಹಾರವೆಂದರೆ ಇನ್ನೊಂದು ಕೊಳವೆಬಾವಿ ಎಂಬ ಭ್ರಮೆ ಹೋಗುವುದಿಲ್ಲ. ಕುಡಿಯುವ ನೀರು ಒಟ್ಟು ಲೆಕ್ಕದಲ್ಲಿ ತೀರಾ ಚಿಕ್ಕ ಪಾಲು. ಆದ್ದರಿಂದಲೇ ಅದನ್ನು ಮೊದಲೇ ತೆಗೆದಿಡುವುದು ಸಾಧ್ಯ. ಊರಿನ ಸರಬರಾಜಿನ ಕೊಳವೆಬಾವಿಗಳ ಪೈಕಿ ಚೆನ್ನಾಗಿ ನೀರು ಕೊಡುವ ಎರಡನ್ನು ಗುರುತಿಸಿ, ಅವುಗಳ ಸುತ್ತ ಹೊಸ ಕೊಳವೆಬಾವಿ ಕೊರೆಯದಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿ. ಇದಕ್ಕೆ ಕಾನೂನಿನ ಬಲವೂ ಇದೆ: ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ ಕರ್ನಾಟಕ 1999ರಲ್ಲಿಯೇ ಮಾಡಿದ ಅಂತರ್ಜಲ ಕಾಯ್ದೆಯ ಪ್ರಕಾರ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಈ ಕಾಯ್ದೆ ಇದೆಯೆಂದೇ ಅನೇಕ ಊರುಗಳಲ್ಲಿ ಗೊತ್ತಿಲ್ಲ. ರಿಗ್ ಲಾರಿ ಊರಿನೊಳಗೆ ಬಂದು ನಿಂತ ಮೇಲೆ ಅಣ್ಣತಮ್ಮಂದಿರ ನಡುವೆ ಈ ಮಾತು ಎತ್ತಲಾಗುವುದಿಲ್ಲ; ಕೆರೆ ತುಂಬಿ ಎಲ್ಲರ ಮನಸ್ಸು ತಣ್ಣಗಿರುವ ವರ್ಷ ಎತ್ತಿದರೆ ಒಪ್ಪುತ್ತಾರೆ.

ಲೆಕ್ಕ ನಿಜವಾಗಬೇಕಾದರೆ ಅಳತೆ ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆ ಅದು. ಅದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ತಮ್ಮ ಪಂಚಾಯಿತಿಯ ಮಳೆ ಮತ್ತು ಮುನ್ಸೂಚನೆ ತಿಳಿಯುತ್ತದೆ. ತಮ್ಮ ಮಳೆಮಾಪಕ ಎಲ್ಲಿದೆ, ಪಕ್ಕದ ಮರ ಬೆಳೆದು ಅದಕ್ಕೆ ಮರೆಯಾಗಿದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂದು ಹೋಗಿ ನೋಡಿ. ತೋಟಗಾರಿಕೆ ಬೆಳೆಗಳ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿಂತಿರುವುದು ಹವಾಮಾನದ ಇಂತಹ ಅಂಕಿಗಳ ಮೇಲೆಯೇ ಆದ್ದರಿಂದ, ಕೆಟ್ಟ ಮಳೆಮಾಪಕ ರೈತನ ಜೇಬಿಗೆ ತೂತು. ಇದರ ಜೊತೆಗೆ ಬಳಕೆಯಲ್ಲಿಲ್ಲದ ಐದಾರು ತೆರೆದ ಬಾವಿ ಅಥವಾ ಕೊಳವೆಬಾವಿಗಳನ್ನು ಆರಿಸಿ, ಪ್ರತಿ ತಿಂಗಳ ಅದೇ ದಿನ ನೀರಿನ ಮಟ್ಟವನ್ನು ಹಗ್ಗ ಇಳಿಬಿಟ್ಟು ಅಳೆಸಿ ಬರೆದಿಡಿ. ಈ ಕೆಲಸವನ್ನು ಪ್ರೌಢಶಾಲೆಯ ಮಕ್ಕಳಿಗೆ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಒಪ್ಪಿಸಬಹುದು. ಆದರೆ ತೆರೆದ ಬಾವಿಯ ಹತ್ತಿರ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಅಕ್ಟೋಬರ್ ಕೊನೆಯ ಅಳತೆ ನೋಡಿದರೆ ಬೇಸಿಗೆ ಹೇಗಿರುತ್ತದೆಂದು ಐದು ತಿಂಗಳು ಮುಂಚೆಯೇ ಅಂದಾಜು ಸಿಗುತ್ತದೆ. ಅದರ ಮೇಲೆ ಹಿಂಗಾರಿಗೆ ಯಾವ ಬೆಳೆ ಇಡಬಹುದು, ಯಾವುದನ್ನು ಇಡಬಾರದು ಎಂದು ಗ್ರಾಮಸಭೆ ಮಾತನಾಡಬಹುದು.

ಇನ್ನು ಕೆರೆ. ಈ ಜಿಲ್ಲೆಯಲ್ಲಿ ಕೆರೆಯೇ ಬರಕ್ಕೂ ನೆರೆಗೂ ಏಕಕಾಲದ ಉತ್ತರವಾದ್ದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಚಿತ್ರದುರ್ಗದ ಕೋಟೆಯನ್ನು ತಾವು ನೋಡಿಯೇ ಇರುತ್ತೀರಿ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಹರಿಯುವಂತೆ ಹಿಂದಿನವರು ಕಟ್ಟಿದ್ದರು. ಮೇಲಿನದು ತುಂಬಿದ್ದು ಕೆಳಗಿನದಕ್ಕೆ ದಕ್ಕಬೇಕು ಎಂಬ ಅದೇ ತತ್ವದ ಮೇಲೆ ಹಳ್ಳಿಗಳ ಸರಣಿ ಕೆರೆಗಳೂ ನಿಂತಿವೆ. ಆದ್ದರಿಂದ ಕೆರೆ ಎಂದರೆ ನೀರು ನಿಲ್ಲುವ ಅಂಗಳ ಮಾತ್ರವಲ್ಲ. ನೀರು ಬರುವ ಹಳ್ಳ, ರಾಜಕಾಲುವೆ, ಏರಿ, ತೂಬು, ಕೋಡಿ, ಕೋಡಿಯ ಕೆಳಗಿನ ಕಾಲುವೆ ಎಲ್ಲ ಸೇರಿ ಒಂದು ಕೆರೆ. ನಾವು ಹೂಳು ತೆಗೆಯುವುದಕ್ಕೆ ಹಣ ಸುರಿಯುತ್ತೇವೆ, ನೀರು ಬರುವ ದಾರಿ ಒತ್ತುವರಿಯಾಗಿ ಮುಚ್ಚಿದ್ದನ್ನು ನೋಡುವುದಿಲ್ಲ.

ಮೊದಲು ತಿಳಿಯಬೇಕಾದದ್ದು ಒಡೆತನ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆಯಿರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಸುಪರ್ದಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಬರುತ್ತವೆ. ತಮ್ಮ ಮೂರೂ ಕೆರೆಗಳಿಗೆ ಗಡಿ ಅಳತೆ ಮಾಡಿಸಿ, ಕಲ್ಲು ನೆಡಿಸಿ, ನಕ್ಷೆಯನ್ನು ಪಂಚಾಯಿತಿಯಲ್ಲಿ ಇರಿಸಿಕೊಳ್ಳಿ. ಆಮೇಲೆ ಬೇಸಿಗೆಯಲ್ಲಿ ಕೆರೆ ಬರಿದಾಗಿರುವಾಗ ಏರಿಯ ಮೇಲೆ ಉದ್ದಕ್ಕೂ ನಡೆದು ನೋಡಬೇಕು. ಇಲಿ, ಹೆಗ್ಗಣ, ಏಡಿ ತೋಡಿದ ಬಿಲಗಳು ಎಲ್ಲಿವೆ, ತೂಬಿನ ಸುತ್ತ ಮಣ್ಣು ಕುಸಿದಿದೆಯೇ, ಏರಿಯ ಎತ್ತರ ಎಲ್ಲಾದರೂ ತಗ್ಗಿದೆಯೇ, ಕೋಡಿಯ ಬಾಯಿಗೆ ಯಾರಾದರೂ ಅಡ್ಡ ಕಟ್ಟಿದ್ದಾರೆಯೇ ಎಂದು ಗುರುತು ಹಾಕಿಕೊಳ್ಳಬೇಕು. ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮಟ್ಟ ಏರಿಸುವ ಆಸೆ ಹಲವು ಊರುಗಳಲ್ಲಿದೆ. ಇಂಜಿನಿಯರ್ ಲೆಕ್ಕ ಹಾಕಿ ಒಪ್ಪದ ಹೊರತು ಅದನ್ನು ಬಿಡಲೇಬೇಡಿ. ಕೋಡಿ ಹರಿಯಲಾಗದ ನೀರು ಏರಿಯ ಮೇಲೆ ಹತ್ತಿ ಹರಿಯುತ್ತದೆ, ಮಣ್ಣಿನ ಏರಿ ಅದನ್ನು ತಡೆಯುವುದಿಲ್ಲ. ಬಿರುಸಿನ ಮಳೆ ಹೆಚ್ಚುವ ಕಾಲದಲ್ಲಿ ಕೋಡಿ ಹಿಂದಿಗಿಂತ ಅಗಲವಾಗಿ, ಸ್ವಚ್ಛವಾಗಿ ಇರಬೇಕು. ಏರಿಯ ಮೇಲೆ ಬೆಳೆದ ಬಳ್ಳಾರಿ ಜಾಲಿಯನ್ನು ಎಳೆಯದಾಗಿರುವಾಗಲೇ ಕೀಳಿಸಿ. ಹಳೆಯ ಮರದ ಬೇರು ಕೊಳೆತಾಗ ನೀರು ನುಸುಳಲು ಕೊಳವೆಯಂತೆ ದಾರಿ ಆಗುತ್ತದೆ. ಅಂತಹದ್ದನ್ನು ಕಡಿದರೆ ಬೇರಿನ ಜಾಗವನ್ನು ಅಗೆದು ಜೇಡಿಮಣ್ಣು ತುಂಬಿ ದಮ್ಮಸು ಮಾಡಬೇಕು.

ಹೂಳು ತೆಗೆಯುವಾಗಲೂ ಎಚ್ಚರ ಬೇಕು. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಯಂತ್ರದಿಂದ ಒಂದೇ ಕಡೆ ಆಳವಾಗಿ ಅಗೆದು, ಕೆರೆಯ ತಳದ ಜೇಡಿ ಪದರವೇ ಒಡೆದುಹೋಗಿ, ಮುಂದಿನ ಎರಡು ವರ್ಷ ನೀರು ನಿಂತದ್ದೇ ಕಡಿಮೆ. ಅಲ್ಲಿ ಮೇಲ್ವಿಚಾರಣೆಗೆ ಹೋಗಿದ್ದ ನಾನೂ ಅದನ್ನು ಸಕಾಲದಲ್ಲಿ ತಡೆಯಲಿಲ್ಲ ಎಂಬುದು ಇಂದಿಗೂ ನೋಯಿಸುತ್ತದೆ. ಏರಿಯ ಬುಡದಿಂದ ಸಾಕಷ್ಟು ದೂರ ಬಿಟ್ಟು, ತೆಳುವಾಗಿ, ಅಂಗಳದ ಅಗಲಕ್ಕೂ ಗೋಡು, ಅಂದರೆ ಹೂಳಿನ ಮಣ್ಣು, ತೆಗೆಯಬೇಕು. ಆ ಗೋಡನ್ನು ರೈತರು ತಮ್ಮ ಎತ್ತಿನ ಗಾಡಿ, ಟ್ರ್ಯಾಕ್ಟರ್‌ಗಳಲ್ಲಿ ಹೊಲಕ್ಕೆ ಒಯ್ಯುವಂತೆ ಸರದಿ ಗೊತ್ತುಮಾಡಿದರೆ ಸಾಗಣೆಯ ಖರ್ಚು ಪಂಚಾಯಿತಿಗೆ ಬೀಳುವುದಿಲ್ಲ, ಮರಳು ಮಿಶ್ರಿತ ಕೆಂಪು ಹೊಲಕ್ಕೆ ಹಸಿ ಹಿಡಿಯುವ ಶಕ್ತಿಯೂ ಬರುತ್ತದೆ. ಹದಿನೈದು ದಿನ ಮಳೆ ತಡವಾದರೂ ಗೋಡು ಹೊಡೆದ ಹೊಲದ ಶೇಂಗಾ ಬಾಡದೆ ನಿಲ್ಲುವುದನ್ನು ತಮ್ಮ ಊರಿನ ಹಿರಿಯ ರೈತರೇ ನನಗಿಂತ ಚೆನ್ನಾಗಿ ವಿವರಿಸಬಲ್ಲರು.

ಕುಡಿಯುವ ನೀರಿನ ವಿಷಯದಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲಿನ ಕಂದು ಕಲೆ ಅದರ ಮೊದಲ ಗುರುತು. ಬರದ ವರ್ಷ ಮೇಲಿನ ನೀರು ಬತ್ತಿ ಆಳದ ಬಂಡೆಯ ನೀರನ್ನೇ ಎತ್ತುವಾಗ ಈ ತೊಂದರೆ ಹೆಚ್ಚಬಹುದು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 100 ಚದರ ಮೀಟರ್ ಚಾವಣಿಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ 50,000 ಲೀಟರ್, ನಷ್ಟ ಕಳೆದು 40,000 ಲೀಟರ್ ಸಿಕ್ಕರೂ ಐದು ಜನರ ಮನೆಗೆ ತಲಾ ದಿನಕ್ಕೆ 55 ಲೀಟರಿನ ಲೆಕ್ಕದಲ್ಲಿ ಸುಮಾರು 145 ದಿನಕ್ಕೆ ಆಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಬಳಸಿದರೆ ವರ್ಷ ಪೂರ್ತಿ ಸಾಕು. ಎಲ್ಲ ಮನೆಗೂ ಒಮ್ಮೆಗೇ ತೊಟ್ಟಿ ಕಟ್ಟಲಾಗದು ಎಂಬುದು ನನಗೆ ಗೊತ್ತಿದೆ. ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರ, ಪಂಚಾಯಿತಿ ಕಚೇರಿಗಳ ಚಾವಣಿಯಿಂದ ಆರಂಭಿಸಿ. ಅವು ಹೇಗೂ ಸರ್ಕಾರಿ ಕಟ್ಟಡಗಳು, ಯಾರನ್ನೂ ಒಪ್ಪಿಸಬೇಕಿಲ್ಲ. ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ವ್ಯವಸ್ಥೆ, ಸೋಸುವ ಜಲ್ಲಿ-ಮರಳಿನ ಪದರ, ಬೆಳಕು ಬೀಳದ ಮುಚ್ಚಿದ ತೊಟ್ಟಿ, ಈ ಮೂರು ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸೊಳ್ಳೆಯ ತಾಣವಾಗಿ, ಜನ ಅದನ್ನು ಒಡೆದುಹಾಕುವವರೆಗೂ ಹೋಗುತ್ತದೆ.

ಬೆಳೆಯನ್ನು ನಿರ್ಧರಿಸುವವನು ರೈತ. ಪಂಚಾಯಿತಿ ಅವನಿಗೆ ಆಜ್ಞೆ ಮಾಡಲಾಗದು, ಮಾಡಲೂಬಾರದು. ಆದರೆ ಆಯ್ಕೆಯನ್ನು ಸುಲಭ ಮಾಡಬಹುದು. ಶೇಂಗಾದಲ್ಲಿ ತೊಗರಿ, ಅಲಸಂದೆ, ಹರಳು ಹಾಕುವ ಅಕ್ಕಡಿ ಸಾಲಿನ ಪದ್ಧತಿ ನಮ್ಮದೇ ವಿಮೆ: ಮುಂಗಾರು ನಡುವೆ ಕೈಕೊಟ್ಟು ಶೇಂಗಾ ಕಾಯಿ ಕಟ್ಟದೆ ಹೋದರೂ ಹಿಂಗಾರಿನ ಮಳೆಗೆ ತೊಗರಿ ಏಳುತ್ತದೆ. ಒಂದೇ ಬೆಳೆಯ ಹೊಲಗಳು ಹೆಚ್ಚಿದಂತೆ ಅಕ್ಕಡಿ ಮರೆಯಾಗುತ್ತಿದೆ. ಬಿತ್ತನೆ ತಡವಾದರೆ ನವಣೆ, ಸಾಮೆಯಂತಹ ಅಲ್ಪಾವಧಿ ಬೆಳೆಗೆ ತಿರುಗಬಹುದು, ಆದರೆ ಆ ಹೊತ್ತಿಗೆ ಬೀಜ ಎಲ್ಲಿಂದ ತರುವುದು ಎಂಬುದೇ ತೊಡಕು. ಒಳ್ಳೆಯ ವರ್ಷದ ಸುಗ್ಗಿಯಲ್ಲಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರು ನವಣೆ, ಸಾಮೆ, ಹುರುಳಿಯ ಬೀಜವನ್ನು ಕೊಂಡು, ಒಣಗಿಸಿ, ಬೇವಿನ ಸೊಪ್ಪು ಬೂದಿ ಬೆರೆಸಿ ಇಟ್ಟುಕೊಂಡರೆ ಅದೇ ಊರಿನ ಬೀಜ ಬ್ಯಾಂಕ್. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ವರ್ಷಕ್ಕೆ ಎರಡು ಬಾರಿ, ಬಿತ್ತನೆಗೆ ಮುಂಚೆ, ಊರಿಗೆ ಕರೆಸಿ.

ಬೆಳೆ ವಿಮೆಯಲ್ಲಿ ಪಂಚಾಯಿತಿ ಮಾಡಬಹುದಾದದ್ದು ಬಹಳ ಇದೆ, ಮಾಡುವುದು ಬಹಳ ಕಡಿಮೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದ ಇಳುವರಿಯೇ ಎಲ್ಲರ ಪರಿಹಾರವನ್ನು ನಿರ್ಧರಿಸುತ್ತದೆ. ಆ ಪ್ರಯೋಗ ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ ಎಂದು ತಿಳಿದು, ಸದಸ್ಯರೊಬ್ಬರು ಹಾಜರಿರಬೇಕು. ಆಲಿಕಲ್ಲು ಬಿದ್ದರೆ, ಹೊಲ ಜಲಾವೃತವಾದರೆ, ಕಿತ್ತು ಹೊಲದಲ್ಲೇ ಒಣಗಲು ಹಾಕಿದ ಶೇಂಗಾ ಅಕಾಲ ಮಳೆಗೆ ನೆನೆದರೆ, 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ಆ ಮೂರು ದಿನ ಕಳೆದ ಮೇಲೆ ಬಂದು ಅಳುವ ರೈತರನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಪಂಚಾಯಿತಿ ಕಚೇರಿಯಲ್ಲಿ ಒಬ್ಬರು ಆ ಅರ್ಜಿ ತುಂಬಿಸಿಕೊಡುವ ಹೊಣೆ ಹೊತ್ತರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಬಿಸಿಲು ಮತ್ತು ಸಿಡಿಲಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಕೆಲಸವೂ ಚಿಕ್ಕದೇ. ಮಾರ್ಚ್‌ನಿಂದ ಮೇವರೆಗೆ ಉದ್ಯೋಗ ಖಾತ್ರಿ ಕೆಲಸವನ್ನು ಬೆಳಗಿನ ಹೊತ್ತಿಗೆ ಮುಗಿಯುವಂತೆ ಇಡಿ, ಸ್ಥಳದಲ್ಲಿ ನೆರಳು, ಕುಡಿಯುವ ನೀರು, ಒಆರ್‌ಎಸ್ ಪೊಟ್ಟಣ ಇರಲಿ. ತಗಡು ಮತ್ತು ಶೀಟಿನ ಚಾವಣಿಯ ಅಂಗನವಾಡಿಗಳಿಗೆ ಪ್ರತಿ ಫೆಬ್ರವರಿಯಲ್ಲಿ ಬಿಳಿ ಸುಣ್ಣ ಬಳಿಸಿದರೆ ಒಳಗಿನ ಕಾವು ಕಡಿಮೆಯಾಗುತ್ತದೆ. ಒಂಟಿಯಾಗಿರುವ ವೃದ್ಧರು, ಬಸುರಿಯರು, ಎಳೆ ಮಕ್ಕಳಿರುವ ಮನೆಗಳ ಪಟ್ಟಿ ಆಶಾ ಕಾರ್ಯಕರ್ತೆಯರ ಬಳಿ ಇದ್ದೇ ಇರುತ್ತದೆ. ಬಿಸಿಲು ತೀವ್ರವಾದ ವಾರ ಅವರು ಆ ಮನೆಗಳಿಗೆ ಒಮ್ಮೆ ಹೋಗಿಬರಲಿ. ಮುಂಗಾರು ಪೂರ್ವದ ಸಿಡಿಲಿಗೆ ನಮ್ಮಲ್ಲಿ ಹೆಚ್ಚಾಗಿ ಸಿಗುವವರು ಬಯಲಿನ ಕುರಿಗಾಹಿಗಳು. ಒಂಟಿ ಮರದ ಕೆಳಗೆ ನಿಲ್ಲಬಾರದು ಎಂದು ಹಟ್ಟಿಗಳಲ್ಲಿ ಮತ್ತೆ ಮತ್ತೆ ಹೇಳಿಸಬೇಕು, ಮೊಬೈಲ್ ಇದ್ದವರಿಗೆ ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಹಾಕಿಸಿಕೊಡಬೇಕು.

ಈಗ ಗೋಮಾಳದ ಪ್ರಸ್ತಾವ. ಸಸಿ ನೆಡುವುದು ಸಾಕೇ ಎಂದು ಕೇಳಿದ್ದೀರಿ; ಅಲ್ಲಿ ನೆಡಬೇಕೇ ಎಂದು ಮೊದಲು ಕೇಳೋಣ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಕಾವಲು ಮತ್ತು ಗೋಮಾಳಗಳು ಪಾಳುಬಿದ್ದ ಕಾಡಲ್ಲ, ಅವು ಸ್ವತಃ ಹುಲ್ಲುಗಾವಲುಗಳು. ಅಮೃತಮಹಲ್ ದನಗಳು ಬೆಳೆದದ್ದು ಇಂತಹ ಕಾವಲುಗಳ ಹುಲ್ಲಿನಲ್ಲಿ. ತಮ್ಮ ಸೀಮೆಯ ಮ್ಯಾಸಬೇಡರು ಮತ್ತು ಕಾಡುಗೊಲ್ಲರು ಸಾಕುವ ದೇವರ ಎತ್ತುಗಳಿಗೂ ಆಸರೆ ಅದೇ. ಬರ ಬಂದಾಗ ಆ ಎತ್ತುಗಳನ್ನು ಕಾಯುವ ಕಿಲಾರಿಗಳು ಮೇವಿಗಾಗಿ ಪಡುವ ಪಾಡು ತಮಗೆ ಹೇಳಬೇಕಾಗಿಲ್ಲ. ಹುಲ್ಲಿನ ಬೇರು ಮಣ್ಣನ್ನು ಹಿಡಿದಿಟ್ಟು ಮಳೆನೀರನ್ನು ಇಳಿಸುತ್ತದೆ, ಮತ್ತು ಹುಲ್ಲು ಬರದ ವರ್ಷದ ಮೇವಿನ ಖಜಾನೆ. ಅಲ್ಲಿ ಗುಂಡಿ ತೋಡಿ ಸಾಲಾಗಿ ಸಸಿ ಇಟ್ಟು, ಜೂನ್ ಐದರಂದು ಫೋಟೊ ತೆಗೆಸಿ, ಮಾರ್ಚ್‌ನಲ್ಲಿ ಒಣಗಿದ ಕಡ್ಡಿ ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ಅದರ ಬದಲು ಗೋಮಾಳವನ್ನು ಮೂರು ಪಾಲು ಮಾಡಿ, ಪ್ರತಿ ಮಳೆಗಾಲದಲ್ಲಿ ಒಂದು ಪಾಲಿಗೆ ದನ, ಕುರಿ ಬಿಡದೆ ಹುಲ್ಲು ಬೀಜ ಕಟ್ಟುವವರೆಗೆ ಕಾಯಿರಿ; ಆಮೇಲೆ ಕೊಯ್ದು ಬಣವೆ ಹಾಕಿದರೆ ಬರಕ್ಕೆ ಮೇವು ಉಳಿಯುತ್ತದೆ. ಒತ್ತಿನಲ್ಲಿರುವ ಬಳ್ಳಾರಿ ಜಾಲಿಯನ್ನು ತೆಗೆಸಿ. ಕುರಿ ಸಾಕುವವರನ್ನು ಕೂರಿಸಿಕೊಂಡು, ಅವರ ಒಪ್ಪಿಗೆಯಿಂದಲೇ ಈ ಸರದಿ ಗೊತ್ತುಮಾಡಬೇಕು. ಅವರನ್ನು ಹೊರಗಿಟ್ಟು ಬೇಲಿ ಹಾಕಿದರೆ ಆ ಬೇಲಿ ಒಂದು ವಾರವೂ ನಿಲ್ಲುವುದಿಲ್ಲ. ಮರ ಬೇಕಾದ ಜಾಗಗಳು ಬೇರೆ ಇವೆ: ಶಾಲೆಯ ಅಂಗಳ, ಸಂತೆ ಮೈದಾನ, ಬಸ್ ನಿಲ್ಲುವ ಕಡೆ, ಹಟ್ಟಿಗಳ ದಾರಿ, ಹೊಲದ ಬದು. ಅಲ್ಲಿ ಹೊಂಗೆ, ಬೇವು, ಹುಣಸೆ, ಅರಳಿ ನೆಡಿಸಿ, ಎರಡು ಬೇಸಿಗೆ ನೀರು ಹಾಕುವವರ ಹೆಸರನ್ನು ಸಸಿಯ ಜೊತೆಗೇ ಬರೆದಿಡಿ. ಸಾವಿರ ಸಸಿ ನೆಟ್ಟು ಐವತ್ತು ಉಳಿಸುವುದಕ್ಕಿಂತ ನೂರು ನೆಟ್ಟು ತೊಂಬತ್ತು ಉಳಿಸುವುದು ನೆರಳಿಗೂ ಲೇಸು, ಬೊಕ್ಕಸಕ್ಕೂ ಲೇಸು.

ದುಡ್ಡಿನ ಮಾತು. ಮೇಲೆ ಹೇಳಿದ ಕೆಲಸಗಳಲ್ಲಿ ಅರ್ಧದಷ್ಟಕ್ಕೆ ಹಣವೇ ಬೇಕಿಲ್ಲ. ಅಳತೆ, ಠರಾವು, ಮೇವಿನ ಸರದಿ, ವಿಮೆಯ ಅರ್ಜಿ, ಕೆಲಸದ ವೇಳೆ, ಇವಕ್ಕೆ ಬೇಕಾದದ್ದು ಹಟ. ಉಳಿದದ್ದಕ್ಕೆ, 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಟ್ಟಿತ್ತು ಎಂಬುದನ್ನು ನೆನಪಿಡಿ. ತಮ್ಮಲ್ಲಿ ಅದು ಯಾವುದಕ್ಕೆ ಹೋಯಿತು ಎಂದು ಹಳೆಯ ಲೆಕ್ಕ ತೆಗೆಸಿ ನೋಡಿದರೆ ಮುಂದಿನ ಅನುದಾನವನ್ನು ಹೇಗೆ ಹಂಚಬೇಕೆಂದು ತಿಳಿಯುತ್ತದೆ. ಕೆರೆ, ಬದು, ಕೃಷಿಹೊಂಡದ ಕೆಲಸಗಳು ಉದ್ಯೋಗ ಖಾತ್ರಿಯಲ್ಲಿ ನಡೆದುಕೊಂಡು ಬಂದಿವೆ. ನಿಯಮಗಳು ಬದಲಾಗುತ್ತಿರುವುದರಿಂದ ಈಗಿನ ಸುತ್ತೋಲೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಕೇಳಿ ಪಡೆಯಿರಿ. ಕೃಷಿಹೊಂಡಕ್ಕೆ ತಪ್ಪದೆ ಬೇಲಿ ಹಾಕಿಸಿ, ಇಳಿದವರು ಹತ್ತಿ ಬರಲು ಹಗ್ಗ ಕಟ್ಟಿಸಿ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕಾಲು ಜಾರಿದ ಮಗು ತಾನಾಗಿ ಮೇಲೆ ಬರಲಾರದು. ಯಾವ ಕೆಲಸವೂ ಪಂಚಾಯಿತಿಯ ಅಭಿವೃದ್ಧಿ ಯೋಜನೆಯ ಪುಸ್ತಕದಲ್ಲಿ ಬರೆದಿಲ್ಲದಿದ್ದರೆ ಹಣ ಬಂದರೂ ಅದಕ್ಕೆ ಸಿಗದು. ಆದ್ದರಿಂದ ವಾರ್ಡ್ ಸಭೆಯಲ್ಲಿಯೇ ಇವನ್ನು ಬರೆಸಬೇಕು, ಹಟ್ಟಿಯ ಹೆಂಗಸರು ಬರಬಹುದಾದ ಹೊತ್ತಿನಲ್ಲಿ ಆ ಸಭೆ ನಡೆಯಬೇಕು. ನೀರು ಹೊರುವವರು ಬಾರದ ಸಭೆಯಲ್ಲಿ ನೀರಿಗಿಂತ ಮೊದಲು ಸಿಮೆಂಟ್ ರಸ್ತೆ ಮಂಜೂರಾಗುವುದನ್ನು ನಾನು ತುಂಬ ನೋಡಿದ್ದೇನೆ.

ಎಲ್ಲಿಂದ ಆರಂಭಿಸಬೇಕು ಎಂಬ ತಮ್ಮ ಪ್ರಶ್ನೆಗೆ ನನ್ನ ಉತ್ತರ, 2022ರಲ್ಲಿ ಸೋರಿದ ಆ ಏರಿಯಿಂದ. ಅಂದು ಚೀಲ ಹಾಕಿದವರಿಗೆ ನೀರು ಎಲ್ಲಿ ಬುಗ್ಗೆಯಂತೆ ಎದ್ದಿತು ಎಂಬುದು ಇನ್ನೂ ನೆನಪಿರುತ್ತದೆ, ಇನ್ನೆರಡು ವರ್ಷ ಕಳೆದರೆ ಇರಲಾರದು. ಅವರಲ್ಲಿ ಮೂರು ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ಆ ಜಾಗದಲ್ಲಿ ಕಲ್ಲು ನೆಡಿಸಿ, ಫೋಟೊ ತೆಗೆಸಿ, ಅದು ತೂಬಿನಿಂದ ಎಷ್ಟು ದೂರ, ಏರಿಯ ಹೊರಮೈಯಲ್ಲಿ ಎಷ್ಟು ಕೆಳಗೆ ಎಂದು ಬರೆದುಕೊಳ್ಳಿ. ಸೋರಿದ ನೀರು ತಿಳಿಯಾಗಿತ್ತೇ ಅಥವಾ ಮಣ್ಣು ಕದಡಿ ಬರುತ್ತಿತ್ತೇ ಎಂದು ತಪ್ಪದೆ ಕೇಳಿ. ಕದಡಿದ ನೀರು ಬಂದಿದ್ದರೆ ಏರಿಯ ಒಡಲಿನ ಮಣ್ಣೇ ಕೊಚ್ಚಿಹೋಗುತ್ತಿತ್ತು ಎಂದು ಅರ್ಥ, ಅದನ್ನು ಮುಂದಿನ ಮುಂಗಾರಿನವರೆಗೆ ಬಿಡುವಂತಿಲ್ಲ. ಆ ಕೆರೆಯ ಅಚ್ಚುಕಟ್ಟು ಎಷ್ಟೆಂದು ದಾಖಲೆ ನೋಡಿ, ಅದಕ್ಕೆ ತಕ್ಕಂತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗಕ್ಕೋ ಸಣ್ಣ ನೀರಾವರಿ ಇಲಾಖೆಗೋ ಠರಾವಿನ ಪ್ರತಿಯೊಂದಿಗೆ ಪತ್ರ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.